ಕೊಟ್ಟವಳು ಹುಳಿಯಾದ ಹಾಡು

ಕಲ್ಪನಾಳಿಗೆ ಕೆಮಿಸ್ಟ್ರಿ ಕೈಕೊಟ್ಟದ್ದು ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ. ಪಿಯುಸಿಯ ಉಳಿದ ವಿಷಯಗಳೆಲ್ಲ ಪಾಸು, ಅದೊಂದು ಮಾತ್ರ ಡುಮ್ಕಿ. ಈಗಿನ ಮಕ್ಕಳ ಪುಣ್ಯ, ಬಿದ್ದವರನ್ನು ಎತ್ತಿ ನಿಲ್ಲಿಸಲು ಸರ್ಕಾರ ಎರಡನೇ ಪರೀಕ್ಷೆಯೊಂದನ್ನು ಇಟ್ಟಿದೆ. ಅದು ಏಪ್ರಿಲ್ ಕೊನೆಗೆ. ಕುಮಟಾದ ಸಿಹಿ ಈರುಳ್ಳಿ ಗದ್ದೆಯಿಂದ ಎದ್ದು ಅಂಗಳ ತುಂಬುವುದೂ ಆಗಲೇ.

ಹಾಗಾಗಿ ಸಂಜೆ ಹೊತ್ತು ಕಲ್ಪನಾ ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಈರುಳ್ಳಿ ಇಟ್ಟುಕೊಂಡು ಅಂಗಳದಲ್ಲಿ ಕೂರುತ್ತಿದ್ದಳು. ಎದುರಿಗೆ ಅವಳ ಅಜ್ಜಿ, ಹಮ್ಮಜ್ಜಿ. ಇಬ್ಬರೂ ಒಣಗಿದ ಸೊಪ್ಪನ್ನು ಹೆಣೆದು ಗೊಂಚಲು ಕಟ್ಟುತ್ತಿದ್ದರು. ಆ ಗೊಂಚಲುಗಳನ್ನು ಮರುದಿನ ಹೆದ್ದಾರಿಯ ಬದಿಗೆ ಒಯ್ದು, ಹೊನ್ನಾವರ, ಭಟ್ಕಳದ ಕಡೆ ಹೋಗುವ ಕಾರುಗಳಿಗೆ ಮಾರುವವಳು ಕಲ್ಪನಾಳ ಅಕ್ಕ ಸರೋಜಾ. ಅವಳು ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇಬ್ಬರನ್ನೂ ಓದಿಸುವುದು ಆಗುವುದಿಲ್ಲ ಎಂದು ಮನೆಯಲ್ಲಿ ಮಾತು ಬಂದಾಗ, ಯಾರೂ ಕೇಳುವ ಮೊದಲೇ, "ತಂಗಿ ಓದಲಿ, ನಂಗೆ ಸಾಕಾತು" ಅಂದಿದ್ದಳು. ಈಗ ಕಲ್ಪನಾ ಮತ್ತೆ ಫೇಲಾದರೆ ಅಕ್ಕ ಬಿಟ್ಟುಕೊಟ್ಟದ್ದೂ ದಂಡ. ಇದು ಮನೆಯವರೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಓದಿದ್ದು ಕಲ್ಪನಾಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಡಿದ್ದು ಮಾತ್ರ ಬಿಡು ಅಂದರೂ ಬಿಡುತ್ತಿರಲಿಲ್ಲ. ಕೊಪ್ಪವೆಂದು ಕರೆಯುವ ಅವರ ಪುಟ್ಟ ಕೇರಿಯ ಹೆಂಗಸರು ನಾಟಿಗೆ, ಮದುವೆಗೆ, ಮಗು ಅತ್ತರೆ ಅದಕ್ಕೂ ಹಾಡುವವರು. ಕಡೆಗೆ ಅವಳು ಕೆಮಿಸ್ಟ್ರಿಯನ್ನೇ ಹಾಡಿಗೆ ಕಟ್ಟಿದಳು. ಅಜ್ಜಿ ಒಪ್ಪಿದ್ದು ಒಂದು ಕರಾರಿನ ಮೇಲೆ.

"ಒಬ್ಬಳೇ ಹಾಡೂದಲ್ಲ ತಂಗಿ. ನೀ ಒಂದು ಸಾಲು ಎತ್ತು, ನಾ ಹಿಂದೆ ಹೇಳ್ತೆ. ಇಲ್ಲದಿದ್ರೆ ಹಾಡು ದಾರಿ ಮೇಲೇ ಕೂತ್ಕಂತದೆ."

ರೋಸನ್‌ಮುಂಡ್, ಕೋಲ್ಬೆ, ಕ್ಯಾನಿಜಾರೊ ಎಂಬ, ಪಾಠದ ಕ್ರಿಯೆಗಳಿಗೆ ಹೆಸರಾದ ಪರದೇಶದ ಪಂಡಿತರೆಲ್ಲ ಹೀಗೆ ಒಬ್ಬೊಬ್ಬರಾಗಿ ಕೊಪ್ಪದೊಳಕ್ಕೆ ಬಂದರು. ಅಜ್ಜಿಯ ಬಾಯಲ್ಲಿ ಅವರಿಗೆ ಮನೆಮಠ, ಮಕ್ಕಳು ಎಲ್ಲ ಹುಟ್ಟಿಕೊಂಡವು. ಮಲಗಿದರೆ ಕಲ್ಪನಾಳ ಕಣ್ಣೊಳಗೆ ಕೋಲ್ಬೆ ಹಲಸಿನ ಮರದ ಬುಡದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ. ರೋಸನ್‌ಮುಂಡ್ ಗದ್ದೆಯ ಅಂಚಿನಲ್ಲಿ ಕಚ್ಚೆ ಎತ್ತಿಕೊಂಡು ನಡೆಯುತ್ತಿದ್ದ. ಅವನ ಹಿಂದೆ ಬೆಳ್ಳಗಿನ ಹೊಗೆ, ಹೊಗೆಯ ಹಿಂದೆ ಸಮುದ್ರ. ಎಚ್ಚರವಾದ ಮೇಲೂ ಅವರು ಥಟ್ಟನೆ ಹೋಗುತ್ತಿರಲಿಲ್ಲ, ಸ್ವಲ್ಪ ಹೊತ್ತು ಮಾಡಿನ ಕೆಳಗೇ ಇರುತ್ತಿದ್ದರು.

ತಕರಾರು ಬಂದದ್ದು ಕ್ಯಾನಿಜಾರೊನಿಂದ.

"ಅಜ್ಜಿ, ಇವ ಹೇಳೂದು ಇಷ್ಟೇ. ಒಂದೇ ನಮೂನೆಯ ಎರಡು ಕಣ, ಅಕ್ಕತಂಗಿ ಅಂತ ತಿಳ್ಕ. ಕ್ಷಾರದಲ್ಲಿ ಹಾಕಿದ್ರೆ ಒಬ್ಬಳು ತನ್ನ ಹೈಡ್ರೋಜನ್ನ ಇನ್ನೊಬ್ಬಳಿಗೆ ಕೊಡ್ತಾಳೆ. ತಗಂಡವಳು ಸಿಹಿ ಆಗ್ತಾಳೆ. ಕೊಟ್ಟವಳು ಹುಳಿ ಆಗ್ತಾಳೆ."

ಹುಳಿಯೆಂದರೆ ಆಮ್ಲ, ಅದು ಸರಿಯೇ. ಆದರೆ ತಗೊಂಡವಳು ಆಲ್ಕೋಹಾಲ್ ಆಗುತ್ತಾಳೆ, ಅಂದರೆ ಸಾರಾಯಿಯ ಜಾತಿ, ಎಂದು ಅಜ್ಜಿಗೆ ಹೇಳುವ ಧೈರ್ಯ ಬರದೆ ಸಿಹಿ ಅಂದುಬಿಟ್ಟಿದ್ದಳು.

ಅಜ್ಜಿಯ ಕೈ ನಿಂತಿತು. "ಎಂತ? ಕೊಟ್ಟವಳು ಹುಳಿ ಆಗೂದಾ? ಇದು ಯಾವ ಊರ ನ್ಯಾಯ?"

"ಪುಸ್ತಕದಲ್ಲಿ ಹಂಗೇ ಇದ್ದದೆ ಅಜ್ಜಿ."

"ಪುಸ್ತಕ ಬರದವ ಗಂಡಸಾಗಿರಬೇಕು" ಎಂದು ಅಜ್ಜಿ ಗೊಣಗಿದಳು. ಕಲ್ಪನಾ ಸಾಲು ಎತ್ತಿದಾಗ ಹಿಂದೆ ಹೇಳುವ ಬದಲು ತಾನೇ ತಿರುಗಿಸಿ ಹಾಡಿದಳು.

"ಕೊಟ್ಟವಳು ಸಿಹಿಯಾದಳು ತಂಗೀ,
ತಕ್ಕಂಡವಳು ಹುಳಿಯಾದಳು."

ಕಲ್ಪನಾ ತಿದ್ದಿದಳು. ಅಜ್ಜಿ ಮತ್ತೆ ಹಾಗೇ ಹಾಡಿದಳು, ಈ ಸಲ ದನಿ ಇನ್ನೂ ಚೆನ್ನಾಗಿ ಏರಿತು. ಅಷ್ಟರಲ್ಲಿ ಹೆದ್ದಾರಿಯಿಂದ ಬಂದ ಸರೋಜಾ ಅಂಗಳದಲ್ಲಿ ಕಾಲು ತೊಳೆಯುತ್ತ ನಿಂತಿದ್ದಳು.

"ಹಾಡು ಹೇಳ್ತಾ ಕೂತ್ರೆ ಮಾರ್ಕ್ಸ್ ಬತ್ತದಾ?" ಎಂದು ಸಿಡುಕಿ ಒಳಗೆ ಹೋದಳು. ಇತ್ತೀಚೆಗೆ ಅವಳ ಮಾತೆಲ್ಲ ಹೀಗೇ. ತುಟಿ ಬಿಚ್ಚಿದರೆ ಕಿಡಿ.

ಅಜ್ಜಿ ಅವಳು ಹೋದ ಬಾಗಿಲನ್ನೇ ನೋಡಿದಳು. ಹಾಡಿದ್ದು ಯಾರ ಬಗ್ಗೆ ಎಂದು ಕಲ್ಪನಾಳಿಗೆ ಆಗ ಹೊಳೆಯಿತು. ಆಮೇಲೆ ಸರಿಯಾದ ಸಾಲನ್ನು ಬಾಯಿಬಿಟ್ಟು ಹಾಡಲು ಅವಳಿಂದ ಆಗಲೇ ಇಲ್ಲ. ಪರೀಕ್ಷೆಯವರೆಗೂ ಅಂಗಳದಲ್ಲಿ ನಡೆದದ್ದು ಅಜ್ಜಿಯ ನ್ಯಾಯವೇ.

ಪರೀಕ್ಷೆಯ ದಿನ ಅಜ್ಜಿ ಇಡಗುಂಜಿ ಗಣಪತಿಗೆ ಹೇಳಿಕೊಂಡು ಕಳಿಸಿದಳು. ಕುಮಟಾದ ಕಾಲೇಜಿನ ಕೋಣೆಯಲ್ಲಿ ಫ್ಯಾನುಗಳು ತೂಕಡಿಸುತ್ತಿದ್ದವು. ಕಿಟಕಿಯಾಚೆ ಬಿಸಿಲಿಗೆ ಬಯಲೆಲ್ಲ ನೀರಿನಂತೆ ಅಲುಗುತ್ತಿತ್ತು. ಕಲ್ಪನಾ ತುಟಿ ಅಲುಗಿಸದೆ ಒಳಗೊಳಗೇ ಹಾಡುತ್ತ, ಒಂದೊಂದೇ ಉತ್ತರವನ್ನು ಕರೆತಂದಳು. ಕೋಲ್ಬೆ ಬಂದು ಬೆಂಚಿನ ತುದಿಯಲ್ಲಿ ಕೂತ. ರೋಸನ್‌ಮುಂಡ್ ಬಾಗಿಲಲ್ಲಿ ನಿಂತ. ಪುಟ ತುಂಬಿತು.

ಆಮೇಲೆ ಆ ಪ್ರಶ್ನೆ: ಕ್ಯಾನಿಜಾರೊ ಕ್ರಿಯೆಯನ್ನು ವಿವರಿಸಿ.

ಸಮೀಕರಣ ಸಲೀಸಾಗಿ ಬಂತು. ಆದರೆ ಸಮೀಕರಣದಲ್ಲಿ ಕೊಟ್ಟವಳು ಯಾರು, ತಗೊಂಡವಳು ಯಾರು ಎಂದು ಕಾಣುವುದಿಲ್ಲ. ಅದನ್ನು ಮಾತಿನಲ್ಲೇ ಬರೆಯಬೇಕು. ಕಿವಿಯೊಳಗೆ ಅಜ್ಜಿ ಹಾಡುತ್ತಿದ್ದಳು, ಕೊಟ್ಟವಳು ಸಿಹಿಯಾದಳು ತಂಗೀ. ಎಷ್ಟು ಹಿತವಾಗಿತ್ತು! ಅದನ್ನೇ ಬರೆದುಬಿಡುವ ಆಸೆಯಾಯಿತು. ಪೆನ್ನು ಹಿಡಿದು ಕಣ್ಣು ಮುಚ್ಚಿದಳು. ಕೋಣೆ ಕರಗಿತು, ಅಂಗಳ ಬಂತು, ಅಂಗಳದ ಅಂಚಿನಲ್ಲಿ ಕಾಲು ತೊಳೆಯುವ ಅಕ್ಕ ಬಂದಳು. ಬಿಸಿಲಿಗೆ ಕಪ್ಪಾದ ಮುಖ. ಈ ಅಕ್ಕ ಒಂದು ಕಾಲದಲ್ಲಿ ಎಷ್ಟು ನಗುತ್ತಿದ್ದಳು! ಸಿಡುಕುವುದು ಅವಳ ಸ್ವಭಾವವೇ ಎಂದು ತಾನು ಎಷ್ಟು ಸುಲಭವಾಗಿ ಅಂದುಕೊಂಡುಬಿಟ್ಟಿದ್ದಳು! ಕಲ್ಪನಾಳಿಗೆ ನಾಚಿಕೆಯಾಯಿತು. ಕಣ್ಣು ಬಿಟ್ಟು, ಹೈಡ್ರೋಜನ್ ಕೊಟ್ಟ ಅಣುವೇ ಆಮ್ಲವಾಗುತ್ತದೆ ಎಂದು ಬರೆದಳು. ಅದು ಸರಿಯುತ್ತರ. ಬರೆದ ಮೇಲೆ ಅಳು ಬಂತು.

ಹೊರಗೆ ಎಲ್ಲರೂ ಗುಂಪುಗೂಡಿ ಉತ್ತರ ಹೋಲಿಸುತ್ತಿದ್ದರು. ಅವಳು ನಿಲ್ಲಲಿಲ್ಲ. ಬಸ್ಸು ಹತ್ತಿ, ಮನೆಯ ಸ್ಟಾಪಿಗೆ ಮೊದಲೇ ಹೆದ್ದಾರಿಯಲ್ಲಿ ಇಳಿದು, ಅಕ್ಕನ ತೆಂಗಿನ ಮಡಲಿನ ಚಪ್ಪರದೊಳಗೆ ಹೋಗಿ ಕೂತಳು.

"ಎಂತ ಆತು?"

"ಪಾಸಾಗ್ತೆ ಅಕ್ಕ."

ಸರೋಜಾ ಉಸಿರು ಬಿಟ್ಟಳು. ಈರುಳ್ಳಿಯ ಗೊಂಚಲೊಂದನ್ನು ಸುಮ್ಮನೆ ತಿರುಗಿಸಿ ತೂಗುಹಾಕಿದಳು.

"ಕ್ಯಾನಿಜಾರೊ ಬಂದಿತ್ತು" ಎಂದಳು ಕಲ್ಪನಾ. "ಅಜ್ಜಿ ಹೇಳಿದಂಗೆ ಬರೀಲಿಲ್ಲ. ಕೊಟ್ಟವಳೇ ಹುಳಿ ಆದಳು ಅಂತ ಬರೆದೆ."

ಲಾರಿಯೊಂದು ಹಾದುಹೋಯಿತು. ಸರೋಜಾ ರಸ್ತೆ ನೋಡುತ್ತಲೇ ಇದ್ದಳು.

"ಸರಿಯಾಗೇ ಬರೆದೆ ನೀ" ಎಂದಳು. ಗೊಂಚಲಿನ ಸಿಪ್ಪೆ ಕೊಡವುತ್ತ, "ಅಜ್ಜಿ ಹಾಡೂದನ್ನ ನಾ ದಿನಾ ಒಳಗೆ ಕೂತು ಕೇಳ್ತಿದ್ದೆ. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಕೇಳೂಕೆ ಚಲೋ ಇತ್ತು" ಎಂದಳು. ಸಿಡುಕು ಇರಲಿಲ್ಲ ಆ ದನಿಯಲ್ಲಿ. ಅದನ್ನು ಕೇಳಿ ಕಲ್ಪನಾಳಿಗೆ ಇನ್ನೂ ಸಂಕಟವಾಯಿತು.

"ಅಕ್ಕ, ನೀ ಹೋಗು. ಇವತ್ತು ನಾ ಕೂರ್ತೆ."

"ಎಲ್ಲಿಗೆ ಹೋಗೂದು?"

"ಎಲ್ಲಿಗಾದ್ರೂ" ಎಂದಳು ಕಲ್ಪನಾ.

ಸರೋಜಾ ಎದ್ದು ನಿಂತಳು. ಬರಿಗೈಯಲ್ಲಿ ಎತ್ತ ಹೋಗಬೇಕೆಂದು ಮರೆತವಳ ಹಾಗೆ ಅತ್ತಿತ್ತ ನೋಡಿದಳು. ಆಮೇಲೆ ಗದ್ದೆಯ ನಡುವೆ ಸಮುದ್ರದ ಕಡೆ ಹೋಗುವ ದಾರಿ ಹಿಡಿದು, ಮೆಲ್ಲಗೆ, ಕೈ ಬೀಸಿಕೊಂಡು ನಡೆದಳು.

ಅವಳು ಅರ್ಧ ದಾರಿ ಮುಟ್ಟಿದಾಗ ಕಾರೊಂದು ಬಂದು ನಿಂತಿತು. "ಗೊಂಚಲು ಹೇಗೆ ಕೊಡ್ತೀರಿ?" ಎಂದು ಒಳಗಿದ್ದವರು ಕೇಳಿದರು.

ಕಲ್ಪನಾಳಿಗೆ ರೇಟು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಅಕ್ಕನನ್ನು ಕೇಳಿರಲಿಲ್ಲ. ಕೂಗಿ ಕೇಳೋಣವೆಂದು ಬಾಯಿ ತೆರೆದಳು. ಒಂದು ಕೂಗು ಹಾಕಿದರೆ ಸಾಕು, ಅಕ್ಕ ಓಡಿ ಬರುತ್ತಿದ್ದಳು. ದೂರದಲ್ಲಿ ಸರೋಜಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದಳು.

ಕಲ್ಪನಾ ಬಾಯಿ ಮುಚ್ಚಿಕೊಂಡಳು. "ಮುಂದಿನ ಚಪ್ಪರದಲ್ಲಿ ತಗಳಿ" ಎಂದು ಕಾರಿನವರಿಗೆ ಹೇಳಿದಳು.