ಖಾಲಿ ಹಾಳೆಯ ಕೆಳಗಿನ ಸಹಿ

ಮೊರಪ್ಪೂರಿನಲ್ಲಿ ರೈಲು ಹತ್ತಿದ ಕೂಡಲೇ ಸುಗುಣಾ ಕಿಟಕಿಯ ಕಡೆ ಎರಡು ಜಾಗ ಹುಡುಕಿ, ಒಂದರಲ್ಲಿ ತಾನು ಕೂತು ಇನ್ನೊಂದರಲ್ಲಿ ಊಟದ ಚೀಲ ಇಡುತ್ತಿದ್ದಳು. ಬೊಮ್ಮಿಡಿಯಲ್ಲಿ ಚಂದ್ರಿಕಾ ಹತ್ತಿದಾಗ ಚೀಲ ತೊಡೆಗೆ ಬರುತ್ತಿತ್ತು. ಇಪ್ಪತ್ತೆರಡು ವರ್ಷದ ವಾಡಿಕೆ ಅದು. ಇಬ್ಬರಿಗೂ ಸೇಲಂನ ಒಂದೇ ಸರ್ಕಾರಿ ವಲಯ ಕಚೇರಿಯಲ್ಲಿ ಕೆಲಸ. ಸುಗುಣಾ ಕಂಬೈನಲ್ಲೂರು ಕಡೆಯ ಹೊಲದ ಮನೆಯವಳು. ಚಂದ್ರಿಕಾ ಸೇಲಂನ ಮಗ್ಗದ ಮನೆಯಿಂದ ಬೊಮ್ಮಿಡಿಗೆ ಮದುವೆಯಾಗಿ ಬಂದವಳು. ಇಬ್ಬರದೂ ಮನೆಮಾತು ಕನ್ನಡ, ಆದರೆ ಓದು, ಬರಹ, ಕಚೇರಿ ಎಲ್ಲ ತಮಿಳಿನಲ್ಲಿ. ಅತ್ತೆಯ ಮೇಲಿನ ಸಿಟ್ಟು, ಮೊಣಕಾಲ ನೋವು, ಸಾಹೇಬರ ನಡಿಗೆಯ ಅಣಕ, ಇವು ಮಾತ್ರ ಕನ್ನಡದಲ್ಲಿ. ಪಕ್ಕದವರಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಇಬ್ಬರೂ ಜೋರಾಗಿಯೇ ಮಾತಾಡುತ್ತಿದ್ದರು.

ಕಚೇರಿಯಲ್ಲಿ ಸುಗುಣಾಳ ಮೇಜಿನ ಮೇಲೆ 'ವೇತನ, ಪ್ರೋತ್ಸಾಹ ಸಲಹೆ' ಎಂದು ತಮಿಳಿನಲ್ಲಿ ಬರೆದ ಹಲಗೆ ಇತ್ತು. ಎರಡು ಜಿಲ್ಲೆಯ ನೌಕರರಲ್ಲಿ ಯಾರಿಗೆ ಯಾವ ಹಂತದ ಸಂಬಳ, ಯಾರ ವಾರ್ಷಿಕ ಏರಿಕೆ ತಪ್ಪಿಹೋಗಿದೆ, ಆಗಸ್ಟ್ ಹದಿನೈದರ ಪ್ರಶಸ್ತಿಪತ್ರಕ್ಕೆ ಯಾರ ಹೆಸರು ಸೂಚಿಸಬಹುದು ಎಂದು ನಿಯಮ ನೋಡಿ ಹೇಳುವುದು ಅವಳ ಕೆಲಸ. ಜನ ಅವಳನ್ನು 'ಸಂಬಳದಕ್ಕ' ಎನ್ನುತ್ತಿದ್ದರು.

ಕೆಳದರ್ಜೆಯ ನೌಕರರಿಗೆ ಅರ್ಜಿ ಎಂದರೆ ಹೆದರಿಕೆ. ಒಂದು ಪದ ತಪ್ಪಿದರೂ ಕಡತ ವಾಪಸು ಬರುತ್ತದೆ. ಏರ್ಕಾಡಿನಲ್ಲಿ ಇಲಾಖೆಯ ತೋಟದ ಮಾಲಿಯಾಗಿದ್ದ, ಮನೆಯಲ್ಲಿ ಕನ್ನಡವೇ ಆಡುವ ಕಾಳಿಯಪ್ಪನ್ ಒಂದೇ ಅರ್ಜಿಗಾಗಿ ಮೂರು ಸಲ ಘಾಟಿ ಬಸ್ಸಿನಲ್ಲಿ ಇಳಿದು ಬಂದ. ಮೂರನೆಯ ಸಲ ಬಿಳಿ ಹಾಳೆಯ ಕೆಳಗೆ ಸಹಿ ಹಾಕಿ ಅವಳ ಮುಂದಿಟ್ಟ.

"ಅಕ್ಕ, ಮ್ಯಾಲೆ ಏನ್ ಬೇಕೋ ನೀನೇ ಬರ್ಕೋ. ಆ ತಿರುವಲ್ಲಿ ವಾಂತಿ ಮಾಡಿ ಮಾಡಿ ನನ್ನ ಕರುಳು ಬಾಯಿಗೆ ಬಂದೈತೆ."

"ಇನ್ನೂ ಕೆಳ್ಗೆ ಹಾಕೋ ಸೈನು. ಮ್ಯಾಲೆ ಜಾಗ ಬೇಕು," ಎಂದು ಅವಳು ಇನ್ನೊಂದು ಹಾಳೆ ಕೊಟ್ಟಿದ್ದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಹರೂರಿನ ಕಾವಲುಗಾರ, ಓಮಲೂರಿನ ಜೀಪಿನ ಡ್ರೈವರ್, ಆಮೇಲೆ ಕಚೇರಿಯ ಗುಮಾಸ್ತರೂ ಸಹಿ ಮಾತ್ರ ಇದ್ದ ಹಾಳೆ ಕೊಟ್ಟುಹೋಗತೊಡಗಿದರು. ಅವನ್ನು ಅವಳು ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ರಟ್ಟಿನ ಫೈಲಿನೊಳಗೆ ಇಟ್ಟಿದ್ದಳು. ಒಟ್ಟು ಮೂವತ್ತೊಂದರಲ್ಲಿ ಚಂದ್ರಿಕಾಳದೂ ಒಂದಿತ್ತು. ಇಷ್ಟು ವರ್ಷದಲ್ಲಿ ಒಂದು ಹಾಳೆಯನ್ನೂ ಸಹಿ ಹಾಕಿದವರಿಗೆ ಹೇಳದೆ ಅವಳು ತುಂಬಿರಲಿಲ್ಲ. ಬೀರುವಿನ ಬೀಗದಕೈ ತಾಳಿಯ ಸರದ ಜೊತೆಗೇ ಇರುತ್ತಿತ್ತು.

ಆದರೆ ತನ್ನ ಕಡತವನ್ನು ತಾನೇ ನೋಡುವಂತಿಲ್ಲ, ಅದು ನಿಯಮ. ಸುಗುಣಾಳ ಕಡತ ಚಂದ್ರಿಕಾಳ ಮೇಜಿಗೆ ಹೋಗುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಸುಗುಣಾ ಪಿತ್ತಕೋಶದ ಆಪರೇಷನ್ನಿಗೆ ಧರ್ಮಪುರಿಯ ಆಸ್ಪತ್ರೆಗೆ ಸೇರಬೇಕಾಯಿತು. ಸೂಪರಿಂಟೆಂಡೆಂಟ್ ಬಡ್ತಿಯ ಪಟ್ಟಿ ತಯಾರಾಗುವ ಸಮಯವೂ ಅದೇ. ಪಟ್ಟಿಯಲ್ಲಿ ಮೊದಲ ಹೆಸರು ಸುಗುಣಾಳದು, ಎರಡನೆಯದು ಚಂದ್ರಿಕಾಳದು. ಖಾಲಿ ಇದ್ದದ್ದು ಒಂದೇ ಹುದ್ದೆ, ಧರ್ಮಪುರಿಯಲ್ಲಿ. ಸುಗುಣಾಳ ಮನೆಯಿಂದ ಒಂದು ಬಸ್ಸು, ಮುಕ್ಕಾಲು ಗಂಟೆ. ನಿವೃತ್ತಿಗೆ ಇನ್ನೆರಡು ವರ್ಷ. ಆ ಎರಡು ವರ್ಷವಾದರೂ ಬೆಳಕಿರುವಾಗ ಮನೆ ಸೇರಬಹುದು, ಸೂಪರಿಂಟೆಂಡೆಂಟರ ಕೈಯಿರುವ ಕುರ್ಚಿಯಲ್ಲಿ ಕೂತು ನಿವೃತ್ತಿಯಾಗಬಹುದು ಎಂದು ಅವಳು ಆಸೆಪಟ್ಟಿದ್ದಳು. ಗಂಡ ಗೋವಿಂದರಾಜ್ ಆಗಲೇ ಧರ್ಮಪುರಿ ಬಸ್ಸುಗಳ ಹೊತ್ತನ್ನು ಪಂಪಿನ ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ರೈಲಿನಲ್ಲಿ ಸುಗುಣಾ ಒಂದು ಬಿಳಿ ಹಾಳೆ ತೆಗೆದು, ತಾನು ಎಲ್ಲರಿಗೂ ಹೇಳುವ ಹಾಗೇ ಕೆಳಗೆ ಸಹಿ ಹಾಕಿದಳು.

"ಬಡ್ತಿಗೆ ಒಪ್ಪಿಗೆ ಕೇಳಿ ಲೆಟರ್ ಬಂದ್ರೆ ಇದ್ರಾಗೆ ಟೈಪ್ ಮಾಡಿ ಕಳ್ಸಕ್ಕ. ನಾನು ಆಸ್ಪತ್ರೆಲಿ ಬಿದ್ದಿರ್ತೀನಿ."

"ನೀನ್ ಹೊಟ್ಟೆ ನೋಡ್ಕೋ. ಇದ್ನ ನನ್ ಕೈಗ್ ಬಿಡು," ಎಂದು ಚಂದ್ರಿಕಾ ಹಾಳೆಯನ್ನು ಮಡಿಚದೆ, ದಿನಪತ್ರಿಕೆಯ ನಡುವೆ ಇಟ್ಟುಕೊಂಡಿದ್ದಳು.

ಆಗಸ್ಟ್ ಮೊದಲ ಸೋಮವಾರ ಆದೇಶ ಬಂತು. ಚಂದ್ರಿಕಾ ಅಂದು ರಜೆಯಲ್ಲಿದ್ದಳು. ಧರ್ಮಪುರಿಯ ಹುದ್ದೆಗೆ ಚಂದ್ರಿಕಾಳ ಹೆಸರಿತ್ತು. ಸುಗುಣಾ ಎರಡು ಸಲ ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಮೊದಲನೆಯವರು ಬಡ್ತಿ ಬೇಡವೆಂದು ಬರೆದುಕೊಟ್ಟಿರುವುದರಿಂದ' ಎಂದಿತ್ತು.

ಕಚೇರಿಯ ಮೇಲಧಿಕಾರಿ ಸುಬ್ಬರಾಯನ್ ಕಡತ ತರಿಸಿ ತೆರೆದರು. ಪತ್ರ ಅಚ್ಚುಕಟ್ಟಾಗಿ ಟೈಪಾಗಿತ್ತು. 'ಆರೋಗ್ಯದ ಕಾರಣ ಈಗ ನನಗೆ ಬಡ್ತಿ ಬೇಡ.' ಕೊನೆಯ ಸಾಲಿಗೂ ತೀರಾ ಕೆಳಗಿದ್ದ ಸಹಿಗೂ ನಡುವೆ ಮಾತ್ರ ಬಹಳ ಜಾಗ ಖಾಲಿ ಉಳಿದಿತ್ತು.

"ಸಹಿ ನಿಮ್ಮದೇ ತಾನೇ, ಅಮ್ಮಾ?" ಎಂದು ಅವರು ತಮಿಳಿನಲ್ಲಿ ಕೇಳಿದರು.

"ನನ್ನದೇ ಸಾರ್."

"ಮತ್ತೆ?"

ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟೆ ಎಂದರೆ ಮುಂದಿನ ಪ್ರಶ್ನೆ ಏನೆಂದು ಸುಗುಣಾಳಿಗೆ ಗೊತ್ತಿತ್ತು. ಬೀರು ತೆರೆಸುತ್ತಾರೆ. ರಟ್ಟಿನ ಫೈಲು ಹೊರಗೆ ಬರುತ್ತದೆ. ಕಾಳಿಯಪ್ಪನ್‌ಗೆ ನೋಟಿಸು, ಕಾವಲುಗಾರನಿಗೆ ನೋಟಿಸು, ಮೂವತ್ತೊಂದು ಜನಕ್ಕೂ ನೋಟಿಸು.

"ಏನಿಲ್ಲ ಸಾರ್. ಮರೆತಿದ್ದೆ," ಎಂದು ಎದ್ದು ಬಂದಳು.

ಸಂಜೆ ಗೋವಿಂದರಾಜ್ ಸೇವಂತಿಗೆ ಸಾಲಿಗೆ ನೀರು ತಿರುಗಿಸುತ್ತಿದ್ದ. ಅವಳು ಬದುವಿನ ಮೇಲೆ ಕೂತು ಎಲ್ಲ ಹೇಳಿದಳು. ಅವನು ಗುದ್ದಲಿ ಊರಿ ನಿಂತ.

"ಕಂಪ್ಲೇಂಟ್ ಕೊಡು. ಅವ್ಳ್ನ ಬಿಡ್ಬ್ಯಾಡ."

"ಕೊಟ್ರೆ ಕಾಳಿಯಪ್ಪನ ಗತಿ ಏನು?"

"ಅವ್ನ್ಯಾಕೆ ಬರ್ತಾನೆ ಮಧ್ಯಕ್ಕೆ?"

ಅವಳು ಬೀರುವಿನ ವಿಷಯ ಬಿಡಿಸಿ ಹೇಳಿದಳು. ನೀರು ಒಂದು ಸಾಲು ತುಂಬಿ ಪಕ್ಕದ ಸಾಲಿಗೆ ಒಡೆದುಕೊಂಡಿತು.

"ಮುಂದಿನ್ ವರ್ಷ ಆದ್ರೂ ಕೊಡ್ತಾರಾ?"

"ಒಂದ್ಸಲ ಬ್ಯಾಡ ಅಂತ ಬರ್ಕೊಟ್ರೆ ಮೂರು ವರ್ಷ ಹೆಸ್ರು ಸೇರ್ಸಲ್ಲ. ನಂಗಿರೋದು ಎರಡು."

ಮರುದಿನ ಬೊಮ್ಮಿಡಿಯಲ್ಲಿ ಚಂದ್ರಿಕಾ ಹತ್ತಿದಳು. ಚೀಲ ಜಾಗದಲ್ಲೇ ಇತ್ತು. ಅವಳು ಚೀಲ ನೋಡಿದಳು, ಸುಗುಣಾಳನ್ನು ನೋಡಿದಳು, ಮೇಲಿನ ಕಂಬಿ ಹಿಡಿದು ನಿಂತಳು. ಸೇಲಂ ಮಾರುಕಟ್ಟೆಗೆ ಹೂವು ಒಯ್ಯುವ ಮಂಜುಳಮ್ಮ ಎದುರಿಗೆ ಬುಟ್ಟಿಯ ಮೇಲೆ ಕೂತಿದ್ದಳು.

"ಏನವ್ವಾ, ಚೀಲಕ್ಕೂ ಪಾಸ್ ತಗೊಂಡಿದ್ಯಾ?" ಎಂದು ಮಂಜುಳಮ್ಮ ತಮಿಳಿನಲ್ಲಿ ಕೇಳಿ ನಕ್ಕಳು. ಯಾರೂ ನಗದಿದ್ದುದನ್ನು ನೋಡಿ ಹೂವು ಕಟ್ಟತೊಡಗಿದಳು.

ರೈಲು ಸ್ವಲ್ಪ ದೂರ ಹೋದಮೇಲೆ ಚಂದ್ರಿಕಾ ಬಗ್ಗಿ ಮೆಲ್ಲಗೆ ಹೇಳಿದಳು.

"ನಂಗೆ ಎಂಟು ತಿಂಗ್ಳು ಐತೆ ಸುಗುಣಾ. ಅಷ್ಟೇ. ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದ್ರೆ ಪೆನ್ಷನ್ ಒಸಿ ಏರ್ತದೆ. ನಿಂಗೆ ಹೊಲ ಐತೆ, ದುಡಿಯೋ ಗಂಡ ಅವ್ನೆ. ನನ್ ಗಂಡ ಮಗ್ಗ ಬಿಟ್ಟು ಎಷ್ಟು ವರ್ಷ ಆಯ್ತು, ನಿಂಗೊತ್ತಿಲ್ವಾ?"

"ಗೊತ್ತು."

"ನೀನು ಮುಂದಿನ್ ವರ್ಷ ಓಗ್ತೀಯ ಅಂತ ಅನ್ಕೊಂಡೆ. ಒಂದು ವರ್ಷ ತಡ ಆಗ್ತದೆ, ಅಷ್ಟೇ ಅಂತ."

"ಮೂರು ವರ್ಷ ಅಕ್ಕ."

ಚಂದ್ರಿಕಾ ಇನ್ನಷ್ಟು ಬಗ್ಗಿದಳು.

"ಮೂರಾ? ನಂಗೊತ್ತಿರ್ಲಿಲ್ಲ. ನಮ್ಮವ್ವನ್ ಆಣೆ ಗೊತ್ತಿರ್ಲಿಲ್ಲ ಕಣೆ."

ಗೊತ್ತಿರಲಿಲ್ಲ ಎಂಬುದು ಸುಳ್ಳಲ್ಲ ಎಂದು ಸುಗುಣಾಳಿಗೆ ಅನ್ನಿಸಿತು. ಇಪ್ಪತ್ತೆರಡು ವರ್ಷ ಚಂದ್ರಿಕಾ ಒಂದು ನಿಯಮವನ್ನೂ ಪುಸ್ತಕದಲ್ಲಿ ಓದಿದವಳಲ್ಲ. ರಜೆಯ ನಿಯಮವಿರಲಿ, ಪ್ರಯಾಣಭತ್ಯೆಯ ನಿಯಮವಿರಲಿ, ಇದೇ ಕಿಟಕಿಯ ಪಕ್ಕ ಕೂತು ಸುಗುಣಾಳನ್ನೇ ಕೇಳುತ್ತಿದ್ದಳು. ಇದೊಂದನ್ನು ಮಾತ್ರ ಕೇಳುವಂತಿರಲಿಲ್ಲ.

"ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತು," ಎಂದಳು ಸುಗುಣಾ. "ನಂಗೆ ಎಂಟೇ ತಿಂಗ್ಳು, ನೀನು ಬಿಟ್ಕೊಡು ಅಂತ."

"ಕೇಳಿದ್ರೆ ಬಿಟ್ಕೊಡ್ತಿದ್ದಾ?"

ಉತ್ತರ ಸುಗುಣಾಳಿಗೂ ಗೊತ್ತಿರಲಿಲ್ಲ. ಅದನ್ನು ತಿಳಿದುಕೊಳ್ಳುವ ಅವಕಾಶವನ್ನೂ ಇವಳು ಉಳಿಸಲಿಲ್ಲವಲ್ಲ ಎಂದು ಅವಳು ಚೀಲವನ್ನು ಪಕ್ಕದ ಜಾಗದಲ್ಲೇ ಹಿಡಿದು ಕೂತಳು. ಸೇಲಂವರೆಗೂ ಚಂದ್ರಿಕಾ ನಿಂತೇ ಇದ್ದಳು.

ಆ ವಾರವೇ ಸುಗುಣಾ ರಟ್ಟಿನ ಫೈಲು ಹೊರತೆಗೆದಳು. ಒಬ್ಬೊಬ್ಬರಿಗೂ ಫೋನ್ ಮಾಡಿ, ಬಂದಾಗ ಅವರವರ ಹಾಳೆ ವಾಪಸು ಕೊಟ್ಟಳು. ಕೊಡುವ ಮೊದಲು ಸಹಿಯ ಮೇಲಿನ ಬಿಳಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆಯುತ್ತಿದ್ದಳು, ಯಾರೂ ಏನೂ ಬರೆಯದ ಹಾಗೆ. ಕೆಲವರು ಏನು ತಪ್ಪಾಯಿತಕ್ಕ ಎಂದು ಕೇಳಿದರು. ಆಡಿಟ್ ಬರುತ್ತದೆ ಎಂದಳು.

ಚಂದ್ರಿಕಾಳ ಹಾಳೆಯನ್ನು ಮಾತ್ರ ಗೀಟು ಎಳೆಯದೆ ಉಳಿಸಿಕೊಂಡಳು. ಯಾಕೆಂದು ತನಗೇ ಹೇಳಿಕೊಳ್ಳಲಿಲ್ಲ.

ಬಡ್ತಿ ಸಿಕ್ಕವರು ಒಂದು ತಿಂಗಳೊಳಗೆ ಒಂದು ಆಯ್ಕೆ ಬರೆದುಕೊಡಬೇಕು. ಹೊಸ ಸಂಬಳ ಬಡ್ತಿಯ ದಿನದಿಂದಲೇ ನಿಗದಿಯಾಗಬೇಕೋ, ಮುಂದಿನ ವಾರ್ಷಿಕ ಏರಿಕೆಯ ದಿನದಿಂದಲೋ ಎಂದು. ಬರೆದದ್ದನ್ನು ಮತ್ತೆ ಬದಲಾಯಿಸುವಂತಿಲ್ಲ; ಪೆನ್ಷನ್ನೂ ಅದರ ಮೇಲೇ ನಿಲ್ಲುತ್ತದೆ. ಚಂದ್ರಿಕಾಳ ಏರಿಕೆ ಅಕ್ಟೋಬರಿನಲ್ಲಿ. ಎರಡನೆಯದೇ ಲಾಭ ಎಂಬುದು ಸುಗುಣಾಳಿಗೆ ಕಾಗದ ಮುಟ್ಟದೆ ಗೊತ್ತಿತ್ತು. ಮೊದಲನೆಯದನ್ನು ಬರೆದರೆ ಕದ್ದ ಬಡ್ತಿಯ ಅರ್ಧ ಬಲ ಹೋಗುತ್ತದೆ ಎಂಬುದೂ ಗೊತ್ತಿತ್ತು. ಸಹಿ ಇದ್ದ ಹಾಳೆ ಅವಳ ಬೀರುವಿನಲ್ಲಿತ್ತು. ಒಂದು ದಿನ ಅದನ್ನು ಟೈಪ್‌ರೈಟರಿನ ಪಕ್ಕ ಇಟ್ಟುಕೊಂಡು ಊಟದ ಹೊತ್ತೆಲ್ಲ ಕೂತಿದ್ದಳು. ಊಟದ ಡಬ್ಬಿ ತೆರೆಯಲಿಲ್ಲ.

ಗಡುವಿಗೆ ಎರಡು ದಿನ ಇರುವಾಗ ಚಂದ್ರಿಕಾ ಧರ್ಮಪುರಿಯಿಂದ ಬಂದಳು. ಹೊಸ ಸೀರೆ ಉಟ್ಟಿದ್ದಳು. ಸುಗುಣಾಳ ಮೇಜಿನ ಮುಂದೆ, ಅರ್ಜಿದಾರರು ಕೂರುವ ಸ್ಟೂಲಿನ ಮೇಲೆ ಕೂತಳು.

"ಆ ಆಪ್ಷನ್ ಕಾಗ್ದ... ನನ್ ಹಾಳೆ ನಿನ್ನತ್ರ ಐತಲ್ಲ. ನೀನೇ ಬರ್ದ್ಬಿಡು."

ಸುಗುಣಾ ಸಲಹೆಯ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ತಮಿಳಿನಲ್ಲಿ ಹೇಳಿದಳು: "ಪಡಿಚ್ಚು ಪಾರುಂಗ, ಮೇಡಂ. ಪಾತ್ತುಟ್ಟು ಕೈಯೆಳುತ್ತು ಪೋಡುಂಗ."

ಓದಿ ನೋಡಿ ಸಹಿ ಹಾಕಿ ಎಂಬ ಆ ಬಹುವಚನದ ಮಾತಿಗೆ ಚಂದ್ರಿಕಾ ಬೆಚ್ಚಿದಳು. ಇವಳ ಬಾಯಲ್ಲಿ ತನಗೆ ಮೇಡಂ ಎಂಬುದನ್ನು ಅವಳು ಎಂದೂ ಕೇಳಿರಲಿಲ್ಲ. ರಿಜಿಸ್ಟರಿನಲ್ಲಿ ಹಿಂದಿನ ದಿನದ ತಾರೀಕಿನಲ್ಲಿ ಸುಗುಣಾಳ ಕೈಬರಹವಿತ್ತು. 'ಎರಡನೆಯ ಆಯ್ಕೆ ಲಾಭಕರ. ಕಾರಣಗಳು ಕೆಳಗಿವೆ.' ಚಂದ್ರಿಕಾ ಕಾರಣಗಳನ್ನು ಓದಲೇ ಇಲ್ಲ. ಪೆನ್ನು ತೆಗೆದು ರಿಜಿಸ್ಟರಿಗೂ ಅದರೊಳಗೆ ಟೈಪ್ ಮಾಡಿಟ್ಟಿದ್ದ ಆಯ್ಕೆಪತ್ರಕ್ಕೂ ಸಹಿ ಹಾಕಿದಳು.

"ನೀನು ತಪ್ಪು ಬರ್ದಿರಲ್ಲ ಅಂತ ನಂಗೊತ್ತು ಕಣೆ," ಎಂದಳು. ಕಣ್ಣು ಒದ್ದೆಯಾಗಿತ್ತು.

ತಮಿಳಿನಲ್ಲೇ ಮುಗಿಸಬೇಕೆಂದು ಸುಗುಣಾ ಬೆಳಗ್ಗೆ ರೈಲಿನಲ್ಲೇ ತೀರ್ಮಾನಿಸಿದ್ದಳು. ಆದರೆ ಬಂದದ್ದು ಕನ್ನಡ.

"ಅದು ಗೊತ್ತಿದ್ದೇ ಮಾಡ್ದೆ ನೀನು. ನಾನು ಕಂಪ್ಲೇಂಟ್ ಕೊಡಲ್ಲ, ತಪ್ಪು ಬರೆಯಲ್ಲ, ಆ ಮೂವತ್ತು ಜನ್ರ ಬಾಯಿಗೆ ಮಣ್ಣು ಆಕಲ್ಲ, ಎಲ್ಲಾ ಗೊತ್ತಿತ್ತು. ನನ್ ಒಳ್ಳೇತನಾನೇ ಬಂಡವಾಳ ಮಾಡ್ಕೊಂಡೆ."

ಸುತ್ತಲಿನ ಮೇಜಿನವರು ತಲೆಯೆತ್ತಿದರು. ಯಾರಿಗೂ ಅರ್ಥವಾಗಲಿಲ್ಲ.

ಸುಗುಣಾ ಬೀರುವಿನಿಂದ ಚಂದ್ರಿಕಾಳ ಹಾಳೆ ತೆಗೆದಳು. ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದು ಅವಳ ಮುಂದಿಟ್ಟಳು. ಚಂದ್ರಿಕಾ ಅದನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಹೋದಳು.

ಮುಂದಿನ ಸರದಿ ಕಾಳಿಯಪ್ಪನ್‌ನದು. ಅವನು ಬಾಗಿಲ ಬಳಿ ಕಾಯುತ್ತಾ ಒಂದು ಬಿಳಿ ಹಾಳೆಗೆ ಆಗಲೇ ಸಹಿ ಹಾಕಿಕೊಂಡಿದ್ದ, ತುಂಬಾ ಕೆಳಗೆ, ಅವಳು ಕಲಿಸಿದ್ದ ಹಾಗೆ.

"ಅಕ್ಕ, ಮಗ್ಳ ಮದ್ವೆಗೆ ಪಿ.ಎಫ್. ಸಾಲ. ನೀನೇ ಬರ್ಕೋ."

ಸುಗುಣಾ ಆ ಹಾಳೆಗೂ ಗೀಟು ಎಳೆದಳು. ಅವನು ಕಣ್ಣು ಬಿಟ್ಟು ನೋಡಿದ.

"ಕೂತ್ಕೋ. ಏನ್ ಬೇಕು ಯೋಳು. ನಾನ್ ಬರೀತೀನಿ, ಓದಿ ಯೋಳ್ತೀನಿ, ನೀನ್ ಕೇಳ್ಬೇಕು. ಸೈನು ಆಮೇಲೆ."

"ನನ್ ಮ್ಯಾಲೆ ನಂಬ್ಕೆ ಓಯ್ತಾ ಅಕ್ಕ?"

"ನಿನ್ ಮ್ಯಾಲಲ್ಲ ಕಾಳಿಯಪ್ಪ," ಎಂದು ಅವಳು ಹೊಸ ಹಾಳೆ ಎಳೆದುಕೊಂಡಳು. "ಯೋಳು, ಮಗ್ಳ ಎಸ್ರೇನು?"