ಎಡಗೈಗೆ ಒರೆಸಿಕೊಂಡ ಬೆಳಕು

ದಾಸಪ್ಪ ಯಾರಿಗೂ ಕೈ ಮುಗಿಯುತ್ತಿರಲಿಲ್ಲ. ಚೈತ್ರದ ಉರಿಬಿಸಿಲಿನಲ್ಲೂ ಸಂತೆಯಲ್ಲಿ ಕೊಂಡ ಹಳೆಯ ಮಿಲಿಟರಿ ಕೋಟು ತೊಟ್ಟು, ಎಡಗೈಯನ್ನು ಅದರ ಜೇಬಿನಲ್ಲಿ ಹುದುಗಿಸಿ, ಖಾಲಿ ರಸ್ತೆಯಲ್ಲೂ ಜನಜಂಗುಳಿಯಲ್ಲಿ ದಾರಿ ಬಿಡಿಸಿಕೊಳ್ಳುವವನಂತೆ ಓರೆಯಾಗಿ ನಡೆಯುತ್ತಿದ್ದ ಅವನನ್ನು ಹೊಸೂರಿನ ದೊಡ್ಡವರು ಅಹಂಕಾರಿ ಎಂದರು. ಅವನದೇ ಊರಾದ ಅವಲಪಲ್ಲಿಯವರು ಕುಷ್ಠರೋಗಿ ಎಂದರು. ಎರಡೂ ಸುಳ್ಳು. ಆ ಸುಳ್ಳುಗಳನ್ನು ಕೇಳಿ ಕೇಳಿ ನನ್ನ ಮೈ ಉರಿದುಹೋಗಿದೆ.

ಅವನು ಗ್ರಾಮದೇವತೆಗಳಿಗೆ ಕಣ್ಣು ಬರೆಯುವವನು. ಮಾರಮ್ಮನ ಗಲ್ಲವನ್ನು ಹಸುಗೂಸಿನ ಗಲ್ಲದಂತೆ ಎಡಗೈಯಲ್ಲಿ ಹಿಡಿದು, ಕುಂಚವನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಾದುದನ್ನು ಅದೇ ಕೈಯ ಹೆಬ್ಬೆರಳಿಗೆ ಒರೆಸಿ ಮೊನೆ ಮಾಡಿಕೊಂಡು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ರೆಪ್ಪೆಯ ಗೆರೆ ಮೂಡಿಸುತ್ತಿದ್ದ. "ಬಟ್ಟೆಗೆ ಒರೆಸ್ಬಾರ್ದು ಸ್ವಾಮಿ. ಅಮ್ಮನ ಕಣ್ಣಿನ ಬಣ್ಣ ನಮ್ ಮೈಮ್ಯಾಲೇ ಇರ್ಬೇಕು" ಎನ್ನುತ್ತಿದ್ದ. ಅವನ ಅಪ್ಪ ಕಲಿಸಿದ ಪದ್ಧತಿ ಅದು.

ಎರಡನೇ ಮಹಾಯುದ್ಧದ ಕಾಲದಲ್ಲಿ ಗುತ್ತಿಗೆದಾರನೊಬ್ಬ ಊರಾಚೆ ಶೆಡ್ಡು ಹಾಕಿ, ವಿಮಾನದ ಗಡಿಯಾರಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯಲು ಕೈ ನಡುಗದವರನ್ನು ಹುಡುಕಿದ. ದಾಸಪ್ಪ ಸಿಕ್ಕಿದ. ಯುದ್ಧ ಮುಗಿಯುವವರೆಗೂ ಆ ಬಣ್ಣವನ್ನು ಅವನು ಹೆಬ್ಬೆರಳಿಗೇ ಒರೆಸಿದ. ಅದರೊಳಗಿನ ಕಣ್ಣಿಗೆ ಕಾಣದ ಕಣಗಳು ತನ್ನ ಚರ್ಮವನ್ನು ಬೇಯಿಸುತ್ತಿವೆ ಎಂದು ಅವನಿಗೆ ಒಬ್ಬನೇ ಒಬ್ಬನೂ ಹೇಳಲಿಲ್ಲ. ಮೊದಲು ಕೆಂಪಾಯಿತು, ಬಳಿಕ ತೊಗಟೆಯಂತೆ ಒಣಗಿ ಬಿರಿಯಿತು, ಶೆಡ್ಡು ಮುಚ್ಚಿದ ಮೇಲೆ ಮಾಯದ ಹುಣ್ಣಾಯಿತು. ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಬೆರಳು ತೆಗೆಯದಿದ್ದರೆ ಕೈಯೇ ಉಳಿಯದೆಂದು ಕೃಷ್ಣಗಿರಿಯ ಡಾಕ್ಟರು ಹೇಳಿದರು. ಗಲ್ಲ ಹಿಡಿಯುವ ಎಡಗೈ ಇಲ್ಲದೆ ಬಲಗೈಗೆ ಗೆರೆ ಎಳೆಯಲು ಬಾರದು.

ಆಸ್ಪತ್ರೆಗೆ ಹೊರಟವನನ್ನು ತಡೆದು ಕೇಳಿದೆ: "ಶೆಡ್ಡಿನ ಮೇಲ್ವಿಚಾರಕರು ಗೋಪೀನಾಥರಾಯರು, ಅವರೂ ಆ ಬಣ್ಣದ ಶೀಸೆಯನ್ನ ಬರಿಗೈಯಲ್ಲೇ ಹಿಡೀತಿದ್ರೇನಯ್ಯಾ?"

"ಇಲ್ಲ ಸ್ವಾಮಿ. ಕೈಗೆ ರಬ್ಬರ್ ಗವುಸು ಹಾಕ್ಕಂಡು, ದೂರ ನಿಂತ್ಕಂಡು, ಇಕ್ಳದಾಗೆ ಹಿಡ್ದು ಮುಂದಿಕ್ಕೋರು."

"ನಿನಗೆ ಅನುಮಾನ ಬರಲಿಲ್ಲವಾ?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಯಾಕ್ ಬತ್ತದೆ? ಮಡಿ ಅಂದ್ಕಂಡೆ. ನಿಮ್ ಮನೇಲೂ ನಮ್ಗೆ ನೀರು ಮ್ಯಾಲಿಂದ್ಲೇ ಅಲ್ವಾ ಹುಯ್ಯೋದು?"

ನಾನು ನೇರವಾಗಿ ರಾಯರ ಮನೆಗೆ ಹೋಗಿ ಜಗಲಿಯಲ್ಲೇ ನಿಂತು ಕೂಗಾಡಿದೆ. ರಾಯರು ಅಡಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಅವನು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು. ದಾಸಪ್ಪನ ಬೆರಳುಗಳು ಹೋದವು, ಉಳಿದ ಕೈ ಕೋಟಿನ ಜೇಬು ಸೇರಿತು. ಆ ವರ್ಷ ಮಾರಮ್ಮನಿಗೆ ಬೇರೆ ಯಾರೋ ಬಂದು ಕಣ್ಣು ಬರೆದರು.

ಇಂಥವರನ್ನು ಮುಗ್ಧರೆಂದು ಕರೆದು ಮರುಗುವವರನ್ನು ಕಂಡರೆ ನನಗೆ ರೇಗುತ್ತದೆ. ಲೋಕ ಹೇಗಿದೆಯೆಂಬುದು ದಾಸಪ್ಪನಂಥವರಿಗೆ ಚೆನ್ನಾಗಿ ಗೊತ್ತು. ಎಷ್ಟು ಚೆನ್ನಾಗಿ ಎಂದರೆ, ನಾವು ವಿಷಕ್ಕೆ ಹೆದರಿ ದೂರ ಸರಿದು ನಿಂತಾಗಲೂ, ಸರಿದದ್ದು ತಮ್ಮಿಂದಲೇ ಎಂದು ಅವರು ತಿಳಿಯುತ್ತಾರೆ.