ಮೊಗ್ಗಿನ ಕುಂಡಗಳು

ತಂಗಿ ಬಗ್ಗಿ ಕುಂಡಕ್ಕೆ ಕೈ ಹಾಕುವಷ್ಟರಲ್ಲಿ ಅಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ.

“ಮುಟ್ಬೇಡ. ಮೊಗ್ಗು ಬರ್ತಿದೆ. ಜಾಗ ಬದಲಾದ್ರೆ ಉದುರಿಹೋಗುತ್ತೆ.”

ಬಾಗಿಲಾಚೆ ಆಸ್ಪತ್ರೆಯ ವ್ಯಾನು ನಿಂತಿತ್ತು. ಅದರೊಳಗೆ ಅತ್ತಿಗೆಯ ದೇಹ. ಮಲಗಿಸಲು ಮಂಚ ಸಿದ್ಧವಿತ್ತು. ಆದರೆ ಬಾಗಿಲಿನಿಂದ ಮಂಚದವರೆಗೆ ಕಾಲಿಡಲು ಜಾಗವಿರಲಿಲ್ಲ. ನೆಲದ ತುಂಬ ಅತ್ತಿಗೆ ಬೆಳೆಸಿದ ಮುಳ್ಳಿಲ್ಲದ ಕಳ್ಳಿಗಳು, ಹೆಚ್ಚಿನವು ವರ್ಷದ ಕೊನೆಯ ಹೊತ್ತಿಗೆ ಹೂಬಿಡುವಂಥವು. ಮದುವೆಯಾದಂದಿನಿಂದ ಇದೇ ಕುಂಡಗಳನ್ನು ಎಡವಿ ಗೊಣಗಿದ ಮನುಷ್ಯ ಇವತ್ತು ಅವಕ್ಕೆ ಕಾವಲು ನಿಂತಿದ್ದ. ತಂಗಿಗೆ ಮೈಯೆಲ್ಲ ಉರಿಯಿತು. ವ್ಯಾನಿನ ಚಾಲಕ ಆಗಲೇ ಎರಡು ಸಲ ಇಣುಕಿ ಹೋಗಿದ್ದ. ನೆರೆಹೊರೆಯವರು ಅಳುವುದೋ ಕುಂಡ ಎತ್ತುವುದೋ ತಿಳಿಯದೆ ಹೊಸಿಲಲ್ಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

*

ಅತ್ತಿಗೆ ಶಾಲಾ ಸಮವಸ್ತ್ರದ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಸಂಜೆ ಬಂದವಳೇ ಗಿಡದ ತುದಿಯಿಂದ ಎಲೆಯಂಥ ಎರಡು ಮೂರು ಚಪ್ಪಟೆ ಗೆಣ್ಣು ತಿರುಚಿ ತೆಗೆದು, ಗಾಯ ಒಣಗಲೆಂದು ಕಿಟಕಿಯಲ್ಲಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣಿಗೆ ಊರುತ್ತಿದ್ದಳು. ಬಟ್ಟೆಯ ಅಂಚು ಸವರಿದ ಹಾಗೆ ಗೆಣ್ಣಿನ ಅಂಚು ಸವರಿ, ಯಾವುದು ಯಾವಾಗ ಹೂಬಿಡುತ್ತದೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಒಮ್ಮೆ ಅವಳು ಊರಲ್ಲಿಲ್ಲದಾಗ ತಂಗಿ ಬಂದು, ಮನೆ ಚೊಕ್ಕಟ ಮಾಡಿ, ಗಿಡಗಳನ್ನೆಲ್ಲ ಬಿಸಿಲಿಗೆ ತಿರುಗಿಸಿಟ್ಟಳು. ವಾರದೊಳಗೆ ಮೊಗ್ಗೆಲ್ಲ ನೆಲದ ಪಾಲು. ಅತ್ತಿಗೆ ರೇಗಲಿಲ್ಲ. ಪೊರಕೆ ಹಿಡಿದು ಗುಡಿಸುತ್ತ, “ನೀನು ಒಳ್ಳೇದಕ್ಕೇ ಮಾಡ್ದೆ. ಅದೇ ಕಷ್ಟ ನೋಡು, ಬೈಯೋಕೂ ಆಗಲ್ಲ,” ಎಂದಿದ್ದಳು.

*

“ವಸಂತದಲ್ಲಿ ಬಿಡೋವೂ ಇದಾವಲ್ಲ. ಅವನ್ನಾದ್ರೂ ಎತ್ತೋಣ,” ಎಂದಳು ತಂಗಿ.

“ಯಾವುದು ಯಾವುದು ಅಂತ ನಂಗೇನು ಗೊತ್ತು? ಅವಳು ಹೇಳ್ತಾನೇ ಇದ್ಲು. ನಾನು ಹೂಂ ಅಂತಿದ್ದೆ.”

ತಂಗಿಯೂ ಹೂಂಗುಟ್ಟಿದವಳೇ. ಮೊಗ್ಗುಗಳಿನ್ನೂ ಸಾಸಿವೆ ಗಾತ್ರ, ಕಣ್ಣಿಗೆ ಬೀಳುವಂತಿರಲಿಲ್ಲ. ಮಂಡಿಯೂರಿ ಕೂತು ಗೆಣ್ಣುಗಳ ಅಂಚನ್ನು ಬೆರಳಲ್ಲಿ ಸವರಿದಳು. ಅತ್ತಿಗೆ ಹೇಳಿದ್ದು ತುಣುಕು ತುಣುಕಾಗಿ ನೆನಪಾಯಿತು. ಗರಗಸದ ಹಲ್ಲಿನಂತೆ ಚೂಪಾಗಿದ್ದರೆ ಮೊದಲು ಬಿಡುವುದು. ಅಲೆಯಂತೆ ದುಂಡಗಿದ್ದರೆ ಅದರ ಬೆನ್ನಿಗೇ ಬಿಡುವುದು. ಅವೆರಡನ್ನೂ ಮುಟ್ಟುವ ಹಾಗಿಲ್ಲ. ಅಂಚು ನಯವಾಗಿ, ತುದಿಯಲ್ಲಿ ಸಣ್ಣ ಕೂದಲಿದ್ದರೆ ವಸಂತದ್ದು. ಪಕ್ಕದ ಮನೆಯಾಕೆ ಅಲ್ಲ ಎಂದಳು, ತಂಗಿ ಹೌದು ಎಂದಳು; ಎತ್ತಿದ್ದನ್ನು ಮತ್ತೆ ಅಲ್ಲೇ ಇಟ್ಟರು. ಅತ್ತಿಗೆ ಸತ್ತ ಸುದ್ದಿಗೆ ಬಾರದ ಕಣ್ಣೀರು ತಂಗಿಗೆ ಈಗ ಸಿಟ್ಟಿಗೆ ಬಂತು.

ಕೊನೆಗೆ ಒಬ್ಬರು ನಡೆಯುವಷ್ಟು ದಾರಿಯಾಯಿತು. ಹೊತ್ತವರು ಹೆಜ್ಜೆ ಅಳೆದು ಅಳೆದು ಅತ್ತಿಗೆಯನ್ನು ಒಳತಂದರು. ಮಧ್ಯಾಹ್ನ ಹಾಗೆಯೇ ಹೊರಗೊಯ್ದರು.

ಎಲ್ಲ ಮುಗಿಸಿ ಬಂದವರು ಗೋಡೆಗೊತ್ತಿ ಕೂತಾಗ ಹೊರಗೆ ಮಬ್ಬಾಗುತ್ತಿತ್ತು. ತಂಗಿ ಚಹಾ ತಂದು ದೀಪದ ಸ್ವಿಚ್ಚಿಗೆ ಕೈ ಚಾಚಿದಳು.

“ಬೇಡ. ಮೊಗ್ಗಿಗೆ ಕತ್ತಲೆ ಬೇಕಂತೆ,” ಎಂದ ಅಣ್ಣ. “ಇದೊಂದು ನೆನಪಿದೆ ನಂಗೆ.”

ಅವಳು ಹಲ್ಲು ಕಚ್ಚಿ ಕೈ ಹಿಂತೆಗೆದಳು. ಕುಂಡಗಳ ನಡುವೆ ಪಾದದಿಂದ ತಡವುತ್ತ ನಡೆದಳು. ಕತ್ತಲಲ್ಲಿ ಗೋಡೆಯ ಬದಿಯಿಂದ ಒಂದೊಂದೇ ಕೈ ಮೇಲೆದ್ದು, ಗಾಳಿಯಲ್ಲಿ ಹುಡುಕಿ, ಬಿಸಿ ಲೋಟವನ್ನು ಅವಳ ಬೆರಳ ಸಮೇತ ಹಿಡಿದುಕೊಂಡಿತು.